ಸಂಜೆಯ ಸಾಲು

ರಾಯದುರ್ಗದಲ್ಲಿ ನನ್ನ ಸ್ಟುಡಿಯೋ ಇರುವುದು ಜೀನ್ಸ್ ಹೊಲಿಯುವ ಯೂನಿಟ್ಟುಗಳ ಬೀದಿಯಲ್ಲಿ. ರೆಕಾರ್ಡಿಂಗಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ಭಜನೆ ಮಂಡಳಿಯವರು ಹಾಡಲು ಕೂತರೆ ಗೋಡೆಯಾಚೆಯಿಂದ ಹೊಲಿಗೆ ಮಿಷಿನ್ನುಗಳು ತಮ್ಮದೇ ತಾಳ ಹಾಕುತ್ತವೆ. ಗೋಡೆಗೆ ಫೋಮು ಹೊಡೆಸಿದೆ, ದಪ್ಪ ಪರದೆ ಬಿಟ್ಟೆ, ಒಂದು ಬಾಗಿಲಿಗೆ ಎರಡು ಬಾಗಿಲು ಮಾಡಿಸಿದೆ. ಕಡೆಗೆ ಸೋತು ಆ ಸದ್ದನ್ನೇ ಒಳಗೆ ಕರೆದುಕೊಂಡೆ. ಯಂತ್ರದ ಸದ್ದನ್ನೇ ವಾದ್ಯ ಮಾಡಿಕೊಂಡು ಕಟ್ಟುವ ಸಂಗೀತಕ್ಕೆ ಇಂಡಸ್ಟ್ರಿಯಲ್ ಮ್ಯೂಸಿಕ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಗದ್ದಲ ಎನ್ನುತ್ತಾರೆ. ಭಜನೆಯವರಿಗೆ ನನ್ನ ಬಗ್ಗೆ ಬೇರೆಯೇ ತಕರಾರು. ಒಂದು ಪಲ್ಲವಿಯನ್ನು ಹತ್ತು ಸಲ ಹಾಡಿಸುತ್ತೇನೆಂದು ಅವರು ನನಗೆ ‘ಇನ್ನೊಂದ್ ಟೇಕಮ್ಮ’ ಎಂದು ಹೆಸರಿಟ್ಟಿದ್ದಾರೆ.

ಜೈಲಿನ ಸದ್ದುಗಳಿಂದ ಒಂದು ಆಲ್ಬಂ ಕಟ್ಟುವ ಯೋಚನೆ ತಲೆಗೆ ಹೊಕ್ಕಿದ್ದು ಮೈಕ್‌ಸೆಟ್ ಕೆಲಸದಿಂದ. ಅಪ್ಪನ ಕಾಲದ ಮೈಕ್‌ಸೆಟ್ ವ್ಯವಹಾರವನ್ನು ನಾನಿನ್ನೂ ಬಿಟ್ಟಿಲ್ಲ. ಒಂದು ಸಲ ಬಾವುಟ ಹಾರಿಸುವ ಕಾರ್ಯಕ್ರಮಕ್ಕೆ ಸ್ಪೀಕರ್ ಕಟ್ಟಲು ಜೈಲೊಂದಕ್ಕೆ ಹೋಗಿದ್ದೆ. ಮೈದಾನದ ಪಕ್ಕದಲ್ಲೇ ಕೈದಿಗಳು ಜಮಖಾನ ನೇಯುವ ಶೆಡ್ಡು. ಸಾಲು ಮಗ್ಗಗಳು, ಒಂದೇ ಸಮನೆ ಬಡಿತ. ಒಪ್ಪಿಗೆ ಕೇಳಿ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಂಡೆ. ಅದನ್ನು ಸ್ಟುಡಿಯೋದಲ್ಲಿ ಹಾಕಿ ಕೇಳುತ್ತಿದ್ದಾಗ ಎದುರು ಯೂನಿಟ್ಟಿನ ಕಟಿಂಗ್ ಮಾಸ್ಟರ್ ಬಂದು ಬಾಗಿಲಲ್ಲಿ ನಿಂತರು. ಅರವತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ದಿನಾ ನೋಡುವ ಮುಖವೇ, ಮಾತಾಡಿದ್ದು ಕಡಿಮೆ.

‘ಈ ಶೆಡ್ಡಾಗ ನಾನು ಕುಂತೀನ್ರಿ ಮೇಡಂ’ ಎಂದರು. ‘ಇಲ್ಲೇ ಬಾಗಲ ಬಾಜೂಕ.’

ಅವರು ಜೈಲಿನಲ್ಲಿದ್ದರೆಂದು ಬೀದಿಗೆಲ್ಲ ಗೊತ್ತಿತ್ತಂತೆ, ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಾನು ಕೇಳದಿದ್ದರೂ ಹೇಳಿದರು. ಹೊಲದ ಬದುವಿನ ಜಗಳ, ಒಬ್ಬ ಸತ್ತ, ಬಿದ್ದ ಏಟುಗಳಲ್ಲಿ ಅವರದೂ ಒಂದಿತ್ತು. ಅಷ್ಟು ಹೇಳಿ ಮಾತು ಬದಲಿಸಿದರು. ಬದಲಿಸಿದ ಮಾತು ಪದ್ಯಗಳದ್ದು.

ಜೈಲಿನಲ್ಲಿ ಬೆಳಿಗ್ಗೆ ಬೀಗ ತೆಗೆದಾಗ ಒಂದು ಲೆಕ್ಕ, ಸಂಜೆ ಬೀಗ ಹಾಕುವ ಮುಂಚೆ ಒಂದು ಲೆಕ್ಕ. ಜೋಡಿ ಜೋಡಿಯಾಗಿ ಕುಕ್ಕರಗಾಲಲ್ಲಿ ಕೂರಬೇಕು, ಕಾವಲುಗಾರ ಎಣಿಸುತ್ತ ಹೋಗುತ್ತಾನೆ. ಮಾಸ್ಟರ್‌ಗೆ ಜೋಡಿಯಾಗಿ ಎಡಕ್ಕೆ ಕೂರುತ್ತಿದ್ದವರು ಮಡಕಶಿರಾ ಕಡೆಯ ರೈತ. ಒಂದು ದಿನ ಬೆಳಿಗ್ಗೆ ಕಾವಲುಗಾರ ಮುಂದೆ ಹೋದ ಮೇಲೆ ಮಾಸ್ಟರ್ ಬಾಯಲ್ಲಿ ಸುಮ್ಮನೆ ಒಂದು ಸಾಲು ಬಂತು. ಜೋಡಿಯವರು ಏನೂ ಅನ್ನಲಿಲ್ಲ. ಸಂಜೆ ಲೆಕ್ಕಕ್ಕೆ ಕೂತಾಗ ಅದಕ್ಕೆ ಉತ್ತರವಾಗಿ ಒಂದು ಸಾಲು ಹೇಳಿದರು. ಅಲ್ಲಿಂದ ಅದೇ ಪದ್ಧತಿ ಆಯಿತು. ಬೆಳಗಿನ ಸಾಲು ಇವರದು, ಸಂಜೆಯ ಸಾಲು ಅವರದು. ಇಬ್ಬರಿಗೂ ಅಕ್ಷರ ಅಷ್ಟಕ್ಕಷ್ಟೇ, ಬರೆದಿಡುವ ಮಾತೇ ಇರಲಿಲ್ಲ. ಮರೆಯಬಾರದೆಂದು ಮಗ್ಗದ ಶೆಡ್ಡಿನಲ್ಲಿ ದಿನವಿಡೀ ಹೇಳಿಕೊಳ್ಳುತ್ತಿದ್ದರು.

‘ಆ ಸದ್ದಾಗ ಮಾತು ಹೆಂಗ ಕೇಳತಿತ್ರಿ?’ ಎಂದೆ.

‘ಕೇಳತಿರಲಿಲ್ರಿ. ಇಬ್ಬರ ಮಗ್ಗಕ್ಕೂ ನಡುವ ಒಂದ ಅಡ್ಡಮರ ಇತ್ತು. ಸಾಲು ಹೆಂಗ ಹೋಗತೈತೋ ಹಂಗ ಅದರ ಮ್ಯಾಲೆ ಬೆರಳಿಂದ ಬಡೀತಿದ್ವಿ. ಮರದ ಮ್ಯಾಲೆ ಕೈ ಇಟ್ರ ಸಾಕು, ಇವ ಯಾವ ಸಾಲು ಹೇಳಾಕತ್ತಾನ ಅಂತ ಗೊತ್ತಾಗತಿತ್ತು.’

ಆಲ್ಬಮ್ಮಿಗೆ ಬೇಕಾದ್ದು ಮನೆ ಬಾಗಿಲಿಗೇ ಬಂದು ನಿಂತಿದೆ ಎಂದುಕೊಂಡೆ. ಮಾರನೇ ದಿನವೇ ಅವರನ್ನು ಒಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಎರಡೂ ಬಾಗಿಲು ಮುಚ್ಚಿದೆ. ಅವರ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಹಣೆ ಬೆವರಿತು. ಎದ್ದು ತಾವೇ ಬಾಗಿಲು ತೆಗೆದರು.

‘ಬ್ಯಾರೆ ಏನಿಲ್ರಿ, ಜೈಲಿನಾಗಿನ ಒಂಟಿ ಕೋಣೆ ಇದ್ದಂಗ ಆತು. ಅದರಾಗೂ ಸದ್ದು ಹಿಂಗ ಸಾಯತಿತ್ತು.’

ನಾನು ಆಸೆಪಟ್ಟು ಹೊಡೆಸಿದ ಫೋಮು ಮೊದಲ ಸಲ ನನಗೇ ಅಸಹ್ಯವಾಗಿ ಕಂಡಿತು. ಅವರು ಕೆಲಸ ಮಾಡುವ ಜಾಗದಲ್ಲೇ ರೆಕಾರ್ಡ್ ಮಾಡೋಣ ಎಂದೆ. ಯೂನಿಟ್ಟಿನ ಓನರ್ ಒಪ್ಪಿದ. ಆದರೆ ಅಲ್ಲಿ ಬೆಳಗಿನಿಂದ ಸಂಜೆಯತನಕ ಸ್ಪೀಕರಿನಲ್ಲಿ ತೆಲುಗು ಸಿನಿಮಾ ಹಾಡು. ಹಾಡು ಬಂದ್ ಮಾಡಿ ಎಂದು ಕೈಮುಗಿದೆ, ಮಾಡಿದರು. ಅರ್ಧ ಗಂಟೆಯಲ್ಲಿ ಯೂನಿಟ್ಟಿನ ತಾಳವೇ ಕೆಟ್ಟುಹೋಯಿತು. ಒಬ್ಬಳು ಓಡಿಸುತ್ತಾಳೆ, ಒಬ್ಬಳು ನಿಲ್ಲಿಸುತ್ತಾಳೆ, ಒಬ್ಬನಿಗೆ ದಾರ ಕಿತ್ತುಹೋಯಿತು. ಇಷ್ಟು ವರ್ಷ ಗೋಡೆಯಾಚೆಯಿಂದ ನಾನು ಕೇಳುತ್ತಿದ್ದ ತಾಳ ಮಿಷಿನ್ನುಗಳದ್ದಲ್ಲ, ಆ ಹಾಡುಗಳದ್ದು. ಹೊಲಿಯುವವರು ಹಾಡಿಗೆ ತಕ್ಕಂತೆ ಪೆಡಲು ಒತ್ತುತ್ತಿದ್ದರು.

‘ನಿಮ್ಮ ಸಂಗೀತ ಆಗಬೇಕಂದ್ರ ನಮ್ಮ ಸಂಗೀತ ಇರಬೇಕ್ರಿ’ ಎಂದು ಓವರ್‌ಲಾಕ್ ಮಿಷಿನ್ನಿನಲ್ಲಿ ಬಟ್ಟೆಯಂಚು ಹೊಲಿಯುವ ಹೆಂಗಸು ನಕ್ಕಳು. ಉಳಿದವರೂ ನಕ್ಕರು. ನನಗೆ ಸಿಟ್ಟು ಬಂದಿತ್ತು, ನಗಲಿಲ್ಲ.

ದಾರಿ ಸಿಕ್ಕಿದ್ದು ಕಾಂಟ್ಯಾಕ್ಟ್ ಮೈಕಿನಿಂದ. ನಾಣ್ಯದಷ್ಟಗಲದ ಹಿತ್ತಾಳೆ ಬಿಲ್ಲೆ, ಅದಕ್ಕೊಂದು ವೈರು. ಅದನ್ನು ಯಾವುದರ ಮೇಲೆ ಅಂಟಿಸುತ್ತೇವೋ ಅದರ ಅದುರುವಿಕೆಯನ್ನಷ್ಟೇ ಹಿಡಿಯುತ್ತದೆ, ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ತಾಗುವುದಿಲ್ಲ. ಮಿಷಿನ್ನಿನ ಕಬ್ಬಿಣಕ್ಕೆ ಟೇಪು ಹಾಕಿ ಅಂಟಿಸಿದೆ. ಹಾಡು ಜೋರಾಗಿ ಹಾಕಿಕೊಳ್ಳಿ ಎಂದೆ. ಹೆಡ್‌ಫೋನಿನಲ್ಲಿ ಹಾಡಿನ ಸುಳಿವಿಲ್ಲ, ಸೂಜಿ ಇಳಿದೇಳುವ ಸದ್ದು, ಬೆಲ್ಟಿನ ಸದ್ದು, ಗುಂಡಿ ಒತ್ತುವ ಪ್ರೆಸ್ಸಿನ ಠಕ್ ಠಕ್ ಮಾತ್ರ ಬಂತು. ಆ ಪ್ರೆಸ್ಸನ್ನು ಮಾಸ್ಟರ್‌ಗೆ ಕೇಳಿಸಿದೆ. ‘ಅಗಳಿ ಸದ್ದು’ ಎಂದರು. ಜೈಲು ಬಾಗಿಲಿನ ಅಗಳಿಯ ಸದ್ದು ಬೇಕೆಂದು ನಾನು ಊರೆಲ್ಲ ಅಲೆದಿದ್ದೆ, ಆ ಕೆಲಸ ಅಲ್ಲಿಗೆ ಮುಗಿಯಿತು.

ಮಾಸ್ಟರ್ ದನಿಯನ್ನು ಊಟದ ಹೊತ್ತಿನಲ್ಲಿ, ಎಲ್ಲರೂ ಹೊರಗೆ ಹೋದಾಗ, ಕಟಿಂಗ್ ಟೇಬಲ್ಲಿನ ಬಳಿ ಹಿಡಿದೆ. ಟೇಬಲ್ಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಎಡಕ್ಕೆ ಒಬ್ಬ ಕೂರುವಷ್ಟು ಜಾಗ ಬಿಟ್ಟರು.

‘ಮಗ್ಗದಾಗ ಮುಂಜಾನಿಂದ ನಡದೆ, ನಮ್ಮೂರ ಬರಲಿಲ್ಲ.’

ಬೆರಳು ನೆಲದ ಮೇಲೆ ಬಡಿಯಿತು, ನಿಂತಿತು. ಆಮೇಲೆ ಮುಂದಿನದು.

‘ಗ್ವಾಡಿಗೆ ಕಿಟಕಿ ಇಲ್ಲಂತಾರ, ಬಿಸಿಲಿಗೆ ಯಾರು ದಾರಿ ಹೇಳಿದರೋ.’

ಮತ್ತೆ ಬೆರಳಿನ ಬಡಿತ.

‘ನೇಯ್ದ ಜಮಖಾನ ಹೊರಗ ಹೋತು, ಅದರ ಮ್ಯಾಲೆ ಯಾರ ಮದುವಿ ಆತೋ.’

ಹೀಗೆ ಅವರ ಸಾಲುಗಳೆಲ್ಲ ಬಂದವು. ಸಂಜೆಯ ಸಾಲುಗಳನ್ನೂ ಹೇಳಿ ಎಂದೆ. ಹೇಳಲಿಲ್ಲ. ಮರೆತಿದ್ದೀರಾ ಎಂದೆ. ಮರೆತಿಲ್ಲ, ಎಲ್ಲ ಬಾಯಿಪಾಠ ಇವೆ ಎಂದರು.

‘ಮತ್ತ ಯಾಕ ಹೇಳಂಗಿಲ್ಲ?’

‘ಅವು ಅವನವು. ಅವನ ಬಾಯಾಗಿಂದ ಬರಬೇಕ್ರಿ. ನಾನ ಅವನ ಸಾಲು ಹೇಳಿದ್ರ ಅವ ಸತ್ತಾನ ಅಂದಂಗ ಆಗತೈತಿ.’

ನಾನು ಕೇಳಿ ಕೇಳಿ ಸುಸ್ತಾದೆ. ಅರ್ಧ ಪದ್ಯ ಇಟ್ಟುಕೊಂಡು ಆಲ್ಬಂ ಹೇಗೆ ಮಾಡಲಿ? ಉತ್ತರವಿಲ್ಲದೆ ಆ ಸಾಲುಗಳು ಬರೀ ಗೋಳಾಗಿ ಕೇಳುತ್ತಿದ್ದವು. ಹೋಗಿ ಆ ಜೋಡಿಯವರನ್ನು ಕೇಳೋಣ ಎಂದರೆ ಮಾಸ್ಟರ್ ಮುಖ ಸಣ್ಣಗಾಯಿತು. ಬಿಡುಗಡೆಯಾದ ಮೇಲೆ ಒಂದೇ ಸಲ, ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿದ್ದರಂತೆ. ಜೋಡಿಯವರ ಜೊತೆ ಹೊಸ ಬೀಗರಿದ್ದರು. ಮುಖ ತಿರುಗಿಸಿಕೊಂಡು ಹೋದರು. ಸೊಸೆಗೂ ಅವಳ ತವರಿನವರಿಗೂ ಆ ಜೈಲಿನ ವರ್ಷಗಳಲ್ಲಿ ಅವರು ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಮಿಲ್ಲಿನಲ್ಲಿ ಕೆಲಸಕ್ಕಿದ್ದರೆಂದೇ ಹೇಳಲಾಗಿದೆ ಎಂದು ಮಾಸ್ಟರ್‌ಗೆ ಆಮೇಲೆ ಬೇರೆಯವರಿಂದ ತಿಳಿದಿತ್ತು.

‘ತಪ್ಪಲ್ರಿ ಅದು. ಅವನ ಸಂಸಾರ’ ಎಂದರು ಮಾಸ್ಟರ್. ಆಮೇಲೆ, ‘ಆದ್ರ ಅವನಿಗೆ ನಾನು ನೆನಪದೀನೋ ಇಲ್ಲೋ ಅನ್ನೂದ ತಿಳಿಯವಲ್ದು. ಇದೊಂದು ಒಳಗ ಕುಂತೈತಿ’ ಎಂದರು. ಆಲ್ಬಮ್ಮಿಗಿಂತ ದೊಡ್ಡ ವಿಷಯ ಅದು ಎಂದು ನನಗೆ ಆಗ ಹೊಳೆಯಿತು. ಹೋಗಲು ಅನುಮತಿ ಕೊಟ್ಟರು, ಮನೆಯಲ್ಲಿ ತಮ್ಮ ಹೆಸರು ಎತ್ತಬಾರದೆಂಬ ಮಾತಿನ ಮೇಲೆ.

ಪಾವಗಡ ಹಾದು ಮಡಕಶಿರಾ ಕಡೆ ಇಳಿದೆ. ರತ್ನಗಿರಿ ಕೋಟೆಯ ಬೆಟ್ಟ ದೂರಕ್ಕೆ ಕಾಣುವ ಒಂದು ಹಳ್ಳಿ, ಸುತ್ತ ಹಿಪ್ಪುನೇರಳೆ ತೋಟ. ಆ ರೈತರು ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಸೊಪ್ಪು ಮೇಯುವ ಸದ್ದು ರೆಕಾರ್ಡ್ ಮಾಡಲು ಬಂದಿದ್ದೇನೆ ಎಂದು ಹೇಳಿಕೊಂಡೆ. ಸುಳ್ಳೇನಲ್ಲ, ಆ ಸದ್ದೂ ನನಗೆ ಬೇಕಿತ್ತು. ಅವರು ಹುಳುಮನೆಯ ಬಾಗಿಲಿಗೆ ಅಡ್ಡ ನಿಂತರು.

‘ಎಲ್ಲಿಂದ ಬಂದ್ರಮ್ಮ?’

‘ರಾಯದುರ್ಗದಿಂದ.’

ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಮೂಗು ಅರಳಿಸಿದರು. ‘ತಲೇಲಿ ಸಾಂಬ್ರಾಣಿ ಗಮಲು ಬತ್ತಾ ಐತೆ. ವೂವ ಬೇರೆ ಮುಡ್ಕೊಂಡಿದೀರ. ಈ ವಾಸನೆಗೆ ಹುಳ ಮೇವು ಬಿಡ್ತವೆ ಕಣಮ್ಮ. ಒಳಕ್ಕೆ ಬಿಡಕಾಗಲ್ಲ.’

ಶುಕ್ರವಾರ, ಪೂಜೆ ಮುಗಿಸಿ ನೇರ ಹೊರಟಿದ್ದೆ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ವಾಸನೆ ತರುವವರನ್ನಂತೂ ಬಿಡುವುದೇ ಇಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಅವರು ಹೇಳಿದ್ದು ನಿಜವಾದ ಕಾರಣ, ಒಳ್ಳೆಯ ನೆಪವೂ ಹೌದು. ನಾನು ಜಗಲಿಯ ಮೇಲೆ ಪೆಚ್ಚಾಗಿ ಕೂತೆ. ಸೊಸೆ ನೀರು ತಂದುಕೊಟ್ಟಳು. ಅಷ್ಟು ದೂರದಿಂದ ಬಂದು ಬರಿಗೈಲಿ ಹೋಗುತ್ತಿದ್ದೇನೆಂದು ಅವಳಿಗೆ ಸಂಕಟ.

‘ಬೇಜಾರ್ ಮಾಡ್ಕೋಬೇಡಿ ಅಕ್ಕ. ನಮ್ ಮಾವ ಹುಳದ ವಿಷ್ಯದಾಗೆ ನಮ್ಮನ್ನೂ ಬೈತಾರೆ. ಮುಂದಿನ್ ಬೆಳೇಲಿ ನಾಲ್ಕನೇ ಜ್ವರ ಎದ್ಮೇಲೆ ಬನ್ನಿ, ಹುಳ ಚೆನ್ನಾಗ್ ಮೇಯ್ತವೆ. ನಾನೇ ಫೋನ್ ಮಾಡ್ತೀನಿ.’ ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಆಮೇಲೆ ಅವಳೇ ನಗುತ್ತ ಹೇಳಿದಳು: ‘ನಮ್ ಮಾವ ಇಚಲಕರಂಜೀಲಿ ಮಗ್ಗ ನೇಯ್ತಿದ್ರಂತೆ. ಅದಿನ್ನೂ ಕೈ ಬಿಟ್ಟಿಲ್ಲ ನೋಡಿ. ಸುಮ್ನೆ ಕೂತ್ರೆ ಸಾಕು, ಹುಳದ ತಟ್ಟೆ ಮೇಲೆ ಬೆರಳಾಗೆ ಬಡೀತಾನೆ ಇರ್ತಾರೆ. ಸಂಜೆ ಆದ್ರಂತೂ ಮುಗೀತು.’

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನಾನು ಆ ಬೆರಳಿನ ಬಡಿತ ಬಿಟ್ಟು ಬೇರೆ ಏನನ್ನೂ ಯೋಚಿಸಲಿಲ್ಲ. ರಾಯದುರ್ಗಕ್ಕೆ ಬಂದು ಮಾಸ್ಟರ್‌ಗೆ ಮಾತ್ರ ಏನೂ ಹೇಳಲಿಲ್ಲ, ಆಸೆ ಹುಟ್ಟಿಸಿ ಕೆಡಿಸುವುದು ಬೇಡವೆನಿಸಿತು. ಒಳಗೆ ಬಿಡಲಿಲ್ಲ, ಮತ್ತೆ ಹೋಗಬೇಕು ಎಂದಷ್ಟೇ ಅಂದೆ.

ಸೊಸೆ ಮಾತಿಗೆ ತಪ್ಪದೆ ಫೋನ್ ಮಾಡಿದಳು. ಈ ಸಲ ಹೂವಿಲ್ಲ, ಪೌಡರಿಲ್ಲ, ತಲೆಗೆ ಬರೀ ನೀರು. ಹುಳುಮನೆಯ ಹೊಸಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಚಪ್ಪಲಿ ಬಿಟ್ಟು, ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಅವರು ತಡೆಯಲು ಕಾರಣ ಹುಡುಕಿದರು, ಸಿಗಲಿಲ್ಲ. ಬಿದಿರು ತಟ್ಟೆಗಳು ಒಂದರ ಮೇಲೊಂದು ಸೂರಿನತನಕ. ಹುಳುಗಳು ಸೊಪ್ಪಿನ ಮೇಲೆ ಮುಗಿಬಿದ್ದಿದ್ದವು. ಒಣ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು. ಸೊಸೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಮೇಲೆ ಅವರೇ ಬಾಯಿಬಿಟ್ಟರು.

‘ಅವ್ನೇನಾ ಕಳ್ಸಿದ್ದು?’

ಹೌದು ಎಂದೆ. ವಿಷಯವನ್ನೆಲ್ಲ ಹೇಳಿದೆ. ಮಾಸ್ಟರ್ ತಮ್ಮ ಸಾಲುಗಳನ್ನು ಮಾತ್ರ ಹೇಳಿದ್ದು, ಇವರದನ್ನು ಮುಟ್ಟದೆ ಉಳಿಸಿದ್ದು, ಎಡಕ್ಕೆ ಜಾಗ ಬಿಟ್ಟು ಕೂತದ್ದು. ಅವರು ತಟ್ಟೆಯಿಂದ ಒಣಗಿದ ಎಲೆ ಆರಿಸುತ್ತಲೇ ಇದ್ದರು.

‘ನನ್ ದನಿ ಊರಾಗೆ ಎಲ್ರಿಗೂ ಗೊತ್ತು ಕಣಮ್ಮ. ಒಬ್ಬ ಕೇಳಿದ್ರೆ ಸಾಕು, ಬೀಗರ ಮನೆಗೆ ಹೋಯ್ತದೆ. ಸೊಸೆ ಒಳ್ಳೇ ಮಗು. ಇಷ್ಟು ದಿನ ಮಾವ ಅಂತ ಕರ್ದವಳು ನಾಳೆ ನನ್ ಮುಖ ಎಂಗ್ ನೋಡ್ತಾಳೆ? ಆಗಲ್ಲ. ಅವ್ನಿಗೆ ಹೇಳು, ತಪ್ಪು ತಿಳ್ಕೋಬೇಡ ಅಂತ.’

ನನ್ನ ರೆಕಾರ್ಡರಿಗೆ ಎರಡು ಮೈಕು ಸಿಕ್ಕಿಸಿದ್ದೆ. ಒಂದು ಕೈಯಲ್ಲಿ ಹಿಡಿಯುವ ಮಾಮೂಲಿ ಮೈಕು, ಇನ್ನೊಂದು ಆ ಬಿಲ್ಲೆ, ಆಗಲೇ ತಟ್ಟೆಯ ಬಿದಿರಿಗೆ ಅಂಟಿಸಿದ್ದೆ. ಅವರ ಮಾತು ನಿಂತರೂ ಬೆರಳು ನಿಂತಿರಲಿಲ್ಲ, ಬಿದಿರಿನ ಅಂಚನ್ನು ಬಡಿಯುತ್ತಿತ್ತು. ದನಿ ಎಷ್ಟು ಚೆನ್ನಾಗಿತ್ತೆಂದು ಈಗಲೂ ಹೊಟ್ಟೆ ಉರಿಯುತ್ತದೆ. ಒರಟು, ಆದರೆ ಕೊನೆಯಲ್ಲಿ ಮೆತ್ತಗಾಗುವ ದನಿ. ಅಂಥದ್ದು ಸ್ಟುಡಿಯೋಕ್ಕೆ ತಾನಾಗಿ ಬರುವುದಿಲ್ಲ. ಆದರೆ ಆ ಮನೆಯ ನೀರು ಕುಡಿದಿದ್ದೆ. ಮಾಮೂಲಿ ಮೈಕಿನ ವೈರನ್ನು ಅವರ ಕಣ್ಣೆದುರೇ ಕಿತ್ತು ಚೀಲಕ್ಕೆ ಹಾಕಿದೆ.

‘ಇದಕ್ಕೆ ಮಾತು ಕೇಳಿಸಲ್ಲ’ ಎಂದೆ, ಬಿಲ್ಲೆ ತೋರಿಸಿ. ‘ಮುಟ್ಟಿದ್ದು ಮಾತ್ರ ಕೇಳುತ್ತೆ.’

ನಂಬಲಿಲ್ಲ. ಹೆಡ್‌ಫೋನ್ ಅವರ ಕಿವಿಗಿಟ್ಟು ನಾನು ಪಕ್ಕದಲ್ಲೇ ನಿಂತು ಜೋರಾಗಿ ನನ್ನ ಹೆಸರು ಕೂಗಿದೆ. ಆಮೇಲೆ ಅದನ್ನೇ ತಿರುಗಿ ಹಾಕಿ ಕೇಳಿಸಿದೆ. ಹುಳು ಮೇಯುವುದು, ಅವರ ಬೆರಳು ಬಡಿದದ್ದು, ಅಷ್ಟೇ. ಹೆಡ್‌ಫೋನ್ ತೆಗೆದು ಬಿಲ್ಲೆಯನ್ನು ಬೆರಳಿಂದ ಮುಟ್ಟಿ ನೋಡಿದರು.

‘ಬಡ್ದಿದ್ ಮಾತ್ರ ಹೋಯ್ತದೆ?’

‘ಅಷ್ಟೇ ಹೋಗೋದು.’

‘ಅವ್ನಿಗೆ ಗೊತ್ತಾಯ್ತದೆ’ ಎಂದರು, ನನಗೋ ತಮಗೋ ತಿಳಿಯದು. ಅವರಿಗೆ ಬೆಳಗಿನ ಸಾಲುಗಳನ್ನು ನನ್ನ ಫೋನಿನಲ್ಲಿ ಒಂದೊಂದಾಗಿ ಹಾಕಿದೆ. ಮಾಸ್ಟರ್ ದನಿ ಬಂದ ಕೂಡಲೇ ಕಣ್ಣು ಮುಚ್ಚಿದರು. ಒಂದು ಸಾಲು ಮುಗಿದ ಮೇಲೆ ತಟ್ಟೆಯ ಕಡೆ ಬಾಗಿ, ತುಟಿಯಲ್ಲಿ ಹೇಳಿಕೊಳ್ಳುತ್ತ ಬಿದಿರಿನ ಮೇಲೆ ಬಡಿದರು. ನಾನು ಹೆಡ್‌ಫೋನ್ ಹಾಕಿಕೊಂಡು ಅವರ ಮಾತು ಕೇಳದಂತೆ ಕಿವಿ ಬಿಗಿಯಾಗಿ ಮುಚ್ಚಿಕೊಂಡೆ, ಬಡಿತ ಮಾತ್ರ ಬರುತ್ತಿತ್ತು. ಅವರು ಏನು ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ತುಟಿ ಓದಬಹುದಿತ್ತು, ಮುಖ ಆಚೆ ಮಾಡಿ ಕೂತೆ. ಎಲ್ಲ ಸಾಲುಗಳೂ ಮುಗಿದ ಮೇಲೂ ಸ್ವಲ್ಪ ಬಡಿತ ಕೇಳಿಸಿತು. ಸೊಸೆ ಸೊಪ್ಪಿನ ಹೊರೆ ಹೊತ್ತು ಬಂದಳು, ಅವರು ಎದ್ದುಹೋದರು.

ಮಿಕ್ಸಿಂಗ್ ತಿಂಗಳುಗಟ್ಟಲೆ ಹಿಡಿಯಿತು. ಜೀನ್ಸ್ ಮಿಷಿನ್ನುಗಳ ಸದ್ದನ್ನು ನಿಧಾನ ಮಾಡಿ ಮಗ್ಗದ ಸದ್ದಿಗೆ ಕೂಡಿಸಿದೆ. ಗುಂಡಿ ಪ್ರೆಸ್ಸನ್ನು ಬಾಗಿಲಿನ ಅಗಳಿ ಮಾಡಿದೆ. ಮಾಸ್ಟರ್ ಒಂದು ಸಾಲು ಹೇಳಿದಾಗ ಎಲ್ಲ ಯಂತ್ರಗಳೂ ನಿಲ್ಲುತ್ತವೆ, ಹುಳು ಮೇಯುವ ಸದ್ದು ಶುರುವಾಗುತ್ತದೆ, ಅದರೊಳಗಿಂದ ಬಡಿತ ಬರುತ್ತದೆ. ಬಡಿತ ಮುಗಿದರೆ ಮತ್ತೆ ಯಂತ್ರಗಳು. ಕೊನೆಯಲ್ಲಿ ಉಳಿದಿದ್ದ ಬಡಿತದ ತುಂಡನ್ನು ಕತ್ತರಿಸಲು ಗುರುತು ಹಾಕಿದ್ದೆ, ಅದು ಸುಮ್ಮನೆ ಕೈಚಾಳಿ ಎಂದುಕೊಂಡು. ಅಲ್ಲಿ ಹುಳುಗಳ ಸದ್ದು ಚೆನ್ನಾಗಿ ಬಂದಿತ್ತು, ಆ ಒಂದು ಕಾರಣಕ್ಕೆ ಬಿಟ್ಟೆ. ಆಲ್ಬಮ್ಮಿನ ಮೇಲೆ ಇಬ್ಬರ ಹೆಸರೂ ಇಲ್ಲ. ಊರುಗಳ ಹೆಸರೂ ಇಲ್ಲ.

ಊಟದ ಹೊತ್ತಿನಲ್ಲಿ, ಅದೇ ಕಟಿಂಗ್ ಟೇಬಲ್ಲಿನ ಬಳಿ ಮಾಸ್ಟರ್‌ಗೆ ಹೆಡ್‌ಫೋನ್ ಕೊಟ್ಟೆ. ಅಲ್ಲಿಯತನಕ ಏನೂ ಹೇಳಿರಲಿಲ್ಲ. ಅವರು ಕುಕ್ಕರಗಾಲಲ್ಲಿ ಕೂತರು. ಮೊದಲ ಬಡಿತ ಬಂದಾಗ ಅವರ ಬಲಗೈ ನೆಲಕ್ಕೆ ಹೋಯಿತು. ಅಂಗೈ ನೆಲಕ್ಕೆ ಊರಿ ಹಾಗೇ ಇಟ್ಟುಕೊಂಡರು, ಶೆಡ್ಡಿನ ಅಡ್ಡಮರದ ಮೇಲೆ ಇಟ್ಟುಕೊಳ್ಳುತ್ತಿದ್ದ ಹಾಗೆ. ಪ್ರತಿ ಬಡಿತಕ್ಕೂ ತಲೆ ಆಡಿಸಿದರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಕೊನೆಯಲ್ಲಿ ಹುಬ್ಬು ಗಂಟಿಕ್ಕಿದರು. ಹೆಡ್‌ಫೋನ್ ಸರಿಸಿ, ‘ಕಡೀದು ಇನ್ನೊಮ್ಮೆ ಹಾಕ್ರಿ’ ಎಂದರು. ಹಾಕಿದೆ. ಮತ್ತೊಮ್ಮೆ ಎಂದರು.

‘ಇದು ನಮ್ಮದಲ್ರಿ. ಈ ಸಾಲು ಜೈಲಿನಾಗ ಇರಲಿಲ್ಲ. ಹೊಸಾದು.’

‘ಏನಂತ ಐತ್ರಿ ಅದರಾಗ?’

‘ಗೊತ್ತಿದ್ದ ಸಾಲು ಬಡಿತದಾಗ ಗುರುತು ಸಿಗತೈತಿ. ಹೊಸಾದು ಹೆಂಗ ತಿಳೀತೈತ್ರಿ? ನೀವು ಬಾಜೂಕ ಇದ್ರಲ್ಲ?’

‘ಕಿವಿ ಮುಚ್ಚಿಕೊಂಡಿದ್ದೆ.’

ಅವರು ನನ್ನನ್ನು ನೋಡಿ ಜೋರಾಗಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಗು ನಿಂತ ಮೇಲೆ ಹೇಳಿದರು:

‘ಯಾವತ್ತೂ ನಾನ ಮೊದಲು ಅಂತಿದ್ದೆ, ಅವ ಸಂಜೀಕ ಉತ್ತರ ಕೊಡತಿದ್ದ. ಈ ಸಲ ಅವ ಮೊದಲು ಅಂದಾನ.’

ಹೊರಗೆ ಊಟ ಮುಗಿಸಿದವರು ಕೈ ತೊಳೆಯುವ ಸದ್ದು ಕೇಳಿಸುತ್ತಿತ್ತು. ಇನ್ನು ಸ್ವಲ್ಪದರಲ್ಲಿ ಎಲ್ಲರೂ ಒಳಗೆ ಬಂದು ಹಾಡು ಹಾಕುತ್ತಾರೆ. ಮಾಸ್ಟರ್ ತಮ್ಮ ಎಡಗಡೆಯ ಖಾಲಿ ಜಾಗದ ಕಡೆ ತಿರುಗಿ ಕೂತರು.

‘ಮೈಕ್ ಹಚ್ರಿ ಮೇಡಂ. ಉತ್ತರ ಕೊಡಬೇಕು.’

ಹಚ್ಚಿದೆ. ಅವರು ಬೆರಳಿಂದ ನೆಲ ಬಡಿಯುತ್ತ ಹೇಳಿದರು:

‘ಮಾತು ತಿಳಿಯಲಿಲ್ಲ ಗೆಳೆಯಾ, ಕರೆದದ್ದು ತಿಳೀತು.’

ಹಿಂದೆ ಯಾರೋ ಬಾಗಿಲು ತಳ್ಳಿದ ಸದ್ದು ಅದರಲ್ಲಿ ಸೇರಿಬಿಟ್ಟಿದೆ. ನಾನು ಇನ್ನೊಂದು ಟೇಕ್ ಕೇಳಲಿಲ್ಲ.